ಒಂದು ಶಬ್ದ, ಹಲವು ನೋಟ

ಛಾಯಾಚಿತ್ರ ಸ್ಪರ್ಧೆಗಳಲ್ಲಿ ಒಂದೇ ಒಂದು ಶಬ್ದವನ್ನು ವಿಷಯವನ್ನಾಗಿ ಕೊಡುವ ಪದ್ಧತಿಯುಂಟು. ‘ಮೌನ’, ‘ದಾರಿ’, ‘ನಿರೀಕ್ಷೆ’, ‘ನೀರು’ ಎಂಬಂತಹ ಒಂದು ಮಾತನ್ನು ಮಾತ್ರ ಕೊಡಲಾಗುತ್ತದೆ. ಉಳಿದದ್ದೆಲ್ಲವೂ ನೋಡುವವನ ಅರಿವಿಗೆ ಬಿಟ್ಟದ್ದು. ಮೇಲ್ನೋಟಕ್ಕೆ ಇದು ಬಹು ಸುಲಭವೆಂದು ತೋರುತ್ತದೆ. ಒಳಹೊಕ್ಕು ವಿಚಾರ ಮಾಡಿದಾಗ ಇದೊಂದು ಕಠಿಣವಾದ ಪರೀಕ್ಷೆಯೆಂಬುದು ಮನವರಿಕೆಯಾಗುತ್ತದೆ. ಶಬ್ದ ಚಿಕ್ಕದಾದಷ್ಟೂ ಅದನ್ನು ಅರ್ಥೈಸುವವನ ಹೊಣೆ ಹಿರಿದಾಗುತ್ತದೆ.

ಈ ಕಲೆಯ ಹೆಸರನ್ನೇ ಗಮನಿಸಬಹುದು. 1839ರಲ್ಲಿ ಜಗತ್ತಿಗೆ ಪರಿಚಯವಾದ ಫೋಟೋಗ್ರಫಿ ಎಂಬ ಪದಕ್ಕೆ ಗ್ರೀಕ್ ಮೂಲದಲ್ಲಿ ‘ಬೆಳಕಿನ ಬರವಣಿಗೆ’ ಎಂದರ್ಥ. ಕನ್ನಡದಲ್ಲಿ ಅದು ‘ಛಾಯಾಗ್ರಹಣ’, ಅಂದರೆ ನೆರಳನ್ನು ಹಿಡಿಯುವುದು. ಕ್ರಿಯೆ ಒಂದೇ, ಒಂದು ನುಡಿ ಅದನ್ನು ಬೆಳಕಿನ ಕಡೆಯಿಂದ ಕಂಡಿತು, ಇನ್ನೊಂದು ನೆರಳಿನ ಕಡೆಯಿಂದ ಕಂಡಿತು. ಎರಡೂ ಸುಳ್ಳಲ್ಲ. ಹನ್ನೆರಡನೆಯ ಶತಮಾನದ ಶರಣರೂ ಜನರ ಬಾಯಲ್ಲಿದ್ದ ಮಾತುಗಳನ್ನೇ ಎತ್ತಿಕೊಂಡು ಅವುಗಳಿಗೆ ಹೊಸ ಅರ್ಥವನ್ನು ತುಂಬಿದರು. ದೋಣಿ, ಮಗ್ಗ, ಮಡಿಬಟ್ಟೆಗಳು ಅವರ ನುಡಿಯಲ್ಲಿ ಕೇವಲ ವಸ್ತುಗಳಾಗಿ ಉಳಿಯಲಿಲ್ಲ.

ನಮ್ಮ ಅಲಂಕಾರ ಶಾಸ್ತ್ರವು ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆ ಎಂಬ ಮೂರು ಶಕ್ತಿಗಳನ್ನು ಹೇಳುತ್ತದೆ. ‘ಗಂಗೆಯಲ್ಲಿ ಹಳ್ಳಿ’ ಎಂಬುದು ಪ್ರಸಿದ್ಧವಾದ ಉದಾಹರಣೆ. ಹರಿಯುವ ನೀರಿನ ಮೇಲೆ ಹಳ್ಳಿ ಇರಲಾರದು. ಆದ್ದರಿಂದ ಗಂಗೆ ಎಂದರೆ ಗಂಗೆಯ ದಡ ಎಂದು ತಿಳಿಯಬೇಕು. ಆ ಹಳ್ಳಿ ತಂಪಾದದ್ದು, ಪವಿತ್ರವಾದದ್ದು ಎಂಬುದು ಅದರಿಂದ ಹೊಳೆಯುವ ಅರ್ಥ. ಕ್ಯಾಮೆರಾ ಹಿಡಿದವನಿಗೂ ಈ ಮೂರು ಮೆಟ್ಟಿಲುಗಳೇ ದಾರಿ.

ಮಂಡ್ಯದ ಹವ್ಯಾಸಿಯೊಬ್ಬನ ಮುಂದೆ ‘ನೀರು’ ಎಂಬ ಶಬ್ದವಿದೆ ಎಂದಿಟ್ಟುಕೊಂಡರೆ, ಆತ ಮೊದಲು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರಕ್ಕೆ ಹೋಗುವುದು ಸಹಜ. ಮಳೆಗಾಲದಲ್ಲಿ ಗಗನಚುಕ್ಕಿಯ ಭೋರ್ಗರೆತವನ್ನು ಕಂಡವರು ಬೇರೆ ವಿಷಯವನ್ನು ಹುಡುಕುವುದಿಲ್ಲ. ಇದು ಅಭಿಧೆ, ಇದ್ದದ್ದನ್ನು ಇದ್ದಂತೆ ಹೇಳುವುದು. ಇದನ್ನೂ ಹಗುರವಾಗಿ ಕಾಣಬೇಕಿಲ್ಲ. ಷಟರನ್ನು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಮಾತ್ರ ತೆರೆದರೆ ಪ್ರತಿ ಹನಿಯೂ ಕಲ್ಲಿನ ಚೂರಿನಂತೆ ಗಾಳಿಯಲ್ಲಿ ನಿಲ್ಲುತ್ತದೆ. ಒಂದೆರಡು ಸೆಕೆಂಡು ತೆರೆದಿಟ್ಟರೆ ಅದೇ ಧಾರೆ ಹಾಲಿನ ಸೆರಗಾಗುತ್ತದೆ. ಒಂದು ನೀರಿನ ಬಲವನ್ನು ಹೇಳಿದರೆ ಇನ್ನೊಂದು ಅದರ ಮಾರ್ದವವನ್ನು ಹೇಳುತ್ತದೆ. ಆದರೂ ನೂರು ಜನ ನಿಂತ ಜಾಗದಲ್ಲಿಯೇ ನಿಂತು ತೆಗೆದ ಚಿತ್ರ ನೂರ ಒಂದನೆಯ ಚಿತ್ರವಾಗುವ ಅಪಾಯವಿದೆ.

ಅಲ್ಲಿಯೇ ಸ್ವಲ್ಪ ಮುಖ ತಿರುಗಿಸಿದರೆ ಎರಡನೆಯ ಮೆಟ್ಟಿಲು ದೊರೆಯುತ್ತದೆ. ಶಿವನಸಮುದ್ರದ ವಿದ್ಯುದಾಗಾರವು 1902ರಲ್ಲಿ ಕೆಲಸವನ್ನು ಆರಂಭಿಸಿತು. ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಯಿತು. ಹಾಗಾದರೆ ಬೆಟ್ಟವನ್ನೇರಿ ಹೋಗುವ ಒಂದು ತಂತಿಯ ಚಿತ್ರವೂ ‘ನೀರು’ ಅಲ್ಲವೆ? ಅಂತೆಯೇ ಆಲೆಮನೆಯ ಕೊಪ್ಪರಿಗೆಯಿಂದ ಏಳುವ ಆವಿ. ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದು, ಗದ್ದೆಗೆ ಇಳಿದು, ವರ್ಷವಿಡೀ ಕಬ್ಬಿನ ಜಲ್ಲೆಯಲ್ಲಿ ತಂಗಿದ್ದ ನೀರು ಅಲ್ಲಿ ಬೆಂಕಿಯ ಮೇಲೆ ಬೀಳ್ಕೊಳ್ಳುತ್ತದೆ. ಅದು ಬಿಟ್ಟುಹೋದ ಸಿಹಿಯೇ ಬೆಲ್ಲ. ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾದುದರ ಹಿಂದೆಯೂ ಈ ನಾಲೆಯ ನೀರೇ ಇದೆ.

ಮೂರನೆಯ ಮೆಟ್ಟಿಲಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಉತ್ತಮ ನಿದರ್ಶನ. ಊರ ನಡುವಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರಿನವರು ಅವುಗಳನ್ನು ಭಾವಿಸುತ್ತಾರೆ. 2007ರಲ್ಲಿ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಶಿಂಷಾ ನದಿಯಲ್ಲಿ, ಸುತ್ತಲಿನ ಕೆರೆಗಳಲ್ಲಿ ನೀರಿದ್ದರೆ ಮೀನು, ಮೀನಿದ್ದರೆ ಹಕ್ಕಿ. ಹೀಗಾಗಿ ಮರದ ಮೇಲೆ ಬರಿದಾಗಿ ಉಳಿದ ಒಂದು ಗೂಡು, ಅದರ ಕೆಳಗೆ ಮುಖವೆತ್ತಿ ನಿಂತ ಒಬ್ಬ ಮುದುಕಿ — ಇಷ್ಟೇ ಇರುವ ಚಿತ್ರದಲ್ಲಿ ಒಂದು ಹನಿಯೂ ಕಾಣದಿದ್ದರೂ ಆ ಪ್ರದೇಶವನ್ನು ಬಲ್ಲವರಿಗೆ ನೀರಿನ ಕಥೆಯೆಲ್ಲವೂ ಹೊಳೆಯುತ್ತದೆ. ಇದೇ ವ್ಯಂಜನೆ.

ಮಂಡ್ಯ ಪಟ್ಟಣದ ಚಹಾ ಅಂಗಡಿಯ ಬೆಂಚಿನ ಮೇಲೂ ಇಂತಹುದೇ ಒಂದು ಚಿತ್ರ ಕಾದಿರುತ್ತದೆ. ಮಳೆಗಾಲದಲ್ಲಿ ರೈತನು ಪತ್ರಿಕೆಯನ್ನು ಕೈಗೆತ್ತಿಕೊಂಡು ಮೊದಲು ಹುಡುಕುವುದು ಮೂಲೆಯಲ್ಲಿ ಅಚ್ಚಾದ ಜಲಾಶಯದ ಮಟ್ಟವನ್ನು. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿನ ಶಾಲಾಮಕ್ಕಳಿಗೂ ಬಾಯಿಪಾಠ. ಅಂಕಿಯ ಮೇಲೆ ನಿಂತ ಆ ಬೆರಳು, 2023ರಂತೆ ಮುಂಗಾರು ಕೈಕೊಟ್ಟು ಕಾವೇರಿಗಾಗಿ ಜನ ಬೀದಿಗಿಳಿದ ವರ್ಷದಲ್ಲಿ, ಯಾವ ಜಲಪಾತಕ್ಕಿಂತಲೂ ಗಟ್ಟಿಯಾಗಿ ‘ನೀರು’ ಎನ್ನುತ್ತದೆ. ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿಗಳ ಹೊಲಗಳಲ್ಲಿ ಈ ಮಾತಿನ ಭಾರ ಇನ್ನೂ ಹೆಚ್ಚು. ಅಲ್ಲಿ ನೀರು ಎಂದರೆ ನಿರೀಕ್ಷೆ.

ಆದರೆ ಇಲ್ಲಿ ಗಮನಿಸಲೇಬೇಕಾದ ಒಂದು ಅಂಶವಿದೆ. ಸೃಜನಶೀಲತೆ ಬೇರೆ, ಕಟ್ಟುಕಥೆ ಬೇರೆ. ಬಿರುಕು ಬಿಟ್ಟ ಗದ್ದೆಯೊಂದನ್ನು ಹುಡುಕಿ, ಎಲ್ಲಿಂದಲೋ ಖಾಲಿ ಕೊಡವೊಂದನ್ನು ತಂದಿರಿಸಿ, ಆಟವಾಡುತ್ತಿದ್ದ ಮಗುವನ್ನು ಕರೆತಂದು ಅಳುಮುಖ ಮಾಡಿಸಿ ಚಿತ್ರ ತೆಗೆಯುವವರೂ ಉಂಟು. ತೀರ್ಪುಗಾರರ ಕಣ್ಣಿಗೆ ಅದು ಹಿಡಿಸಲೂಬಹುದು. ಆದರೆ ನಿಜವಾದ ಬರಗಾಲವನ್ನು ಉಂಡವನ ಪಾಲಿಗೆ ಅದು ಅವಮಾನ. ಹಾಗೆಯೇ ಬರಿದಾದ ಗೂಡು ಬೇಕೆಂದು ತುಂಬಿದ ಗೂಡಿನ ಹಕ್ಕಿಯನ್ನು ಹೆದರಿಸಿ ಎಬ್ಬಿಸುವುದು ಕಲೆಯಲ್ಲ, ಹಿಂಸೆ. ಅಳುವ ರೈತನ ಮುಖ ಒಳ್ಳೆಯ ಚಿತ್ರವಾಗಬಹುದು. ಅದನ್ನು ತೆಗೆಯುವ ಮುನ್ನ ಆತನ ಒಪ್ಪಿಗೆಯನ್ನು ಕೇಳಬೇಕು, ಆತ ಒಲ್ಲೆನೆಂದರೆ ಕ್ಯಾಮೆರಾವನ್ನು ಇಳಿಸಬೇಕು. ಇಳಿಸಿದ ಆ ಚಿತ್ರ ಸ್ಪರ್ಧೆಗೆ ಹೋಗುವುದಿಲ್ಲ. ಅದರಿಂದ ಬಹುಮಾನ ತಪ್ಪಬಹುದು; ನೋಡುವ ಕಣ್ಣು ಮಾತ್ರ ಶುದ್ಧವಾಗಿ ಉಳಿಯುತ್ತದೆ.

ಅಂತೆಯೇ ಅಡಿಬರಹವನ್ನು ನೆಚ್ಚಿಕೊಳ್ಳುವುದೂ ಸಲ್ಲದು. ಚಿತ್ರದ ಕೆಳಗೆ ‘ನೀರು’ ಎಂದು ಬರೆದ ಮಾತ್ರಕ್ಕೆ ತಂತಿ ನೀರಾಗುವುದಿಲ್ಲ. ದೂರದಲ್ಲಿ ಮಸುಕಾಗಿಯಾದರೂ ಆ ಹೊಳೆ ಕಾಣಬೇಕು. ಪತ್ರಿಕೆ ಹಿಡಿದ ಕೈಯಲ್ಲಿ ಒಣಗಿದ ಕೆಸರು ಇರಬೇಕು. ಶಬ್ದದಿಂದ ಎಷ್ಟು ದೂರ ಹೋದರೂ ಮರಳಿ ಬರುವ ದಾರಿಯೊಂದನ್ನು ನೋಡುಗನಿಗೆ ಉಳಿಸಬೇಕು. ಆ ದಾರಿ ಇಲ್ಲದ ಚಿತ್ರ ಒಗಟಾಗುತ್ತದೆ, ದಾರಿಯಷ್ಟೇ ಇರುವ ಚಿತ್ರ ಫಲಕವಾಗುತ್ತದೆ.

ಇಂತಹ ಒಂದು ಶಬ್ದವನ್ನು ಹಿಡಿದು ಹದಿನೈದು ದಿನ ಓಡಾಡಿದವನಿಗೆ ಬಹುಮಾನ ಬಾರದೇ ಹೋದರೂ ನಷ್ಟವಿಲ್ಲ. ದಿನವೂ ಹಾದುಹೋಗುತ್ತಿದ್ದ ನಾಲೆಯ ತೂಬಿನ ಮುಂದೆ ಆತ ಮೊದಲ ಬಾರಿಗೆ ನಿಂತಿರುತ್ತಾನೆ; ತನ್ನ ಮನೆಯ ನಲ್ಲಿಯನ್ನು ತಿರುಗಿಸುವಾಗ ಕೊನೆಯ ಗದ್ದೆಯವನ ನೆನಪು ಅವನಿಗೆ ಬರುತ್ತದೆ. ಕಾಣುವುದನ್ನು ಕಲಿಸುವುದೇ ಈ ಅಭ್ಯಾಸದ ಫಲ. ಉಳಿದದ್ದು ಯಂತ್ರದ ಕೆಲಸ.