ಒಂದು ಅಕ್ಷರದ ಜಗಳ

ಕಾಲೇಜಿನ ಕ್ರೀಡಾ ನಿರ್ದೇಶಕರೆಂದರೆ ನಮ್ಮ ಕಣ್ಣಮುಂದೆ ಬರುವುದು ಕೊರಳಲ್ಲಿ ಸೀಟಿ, ಕಿಸೆಯಲ್ಲಿ ಆಟದ ಸಾಮಾನಿನ ಕೋಣೆಯ ಬೀಗದ ಕೈ ಇಟ್ಟುಕೊಂಡು ಓಡಾಡುವ ಪಿ.ಟಿ. ಮೇಷ್ಟ್ರು. ಅಮೆರಿಕದಲ್ಲಿ ಹುದ್ದೆಯ ಹೆಸರು ಹೆಚ್ಚುಕಡಿಮೆ ಅದೇ, ಗಾತ್ರ ಮಾತ್ರ ಬೇರೆ. ಮಗಳ ಬಾಣಂತನಕ್ಕೆಂದು 2022ರಲ್ಲಿ ನಾನು ಆರು ತಿಂಗಳು ಇದ್ದ ಆನ್ ಆರ್ಬರ್ ಊರಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣವಿದೆ. ಒಂದು ಲಕ್ಷ ಏಳು ಸಾವಿರಕ್ಕೂ ಹೆಚ್ಚು ಆಸನಗಳು! ನಾವು ಫುಟ್‌ಬಾಲ್ ಅನ್ನುವ ಆಟವಲ್ಲ ಅದು. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಆಟದ ಶನಿವಾರ ಇಡೀ ಊರೇ ನೀಲಿ ಹಳದಿ ಬಟ್ಟೆ ತೊಟ್ಟು ಬೀದಿಗಿಳಿಯುತ್ತದೆ, ನಮ್ಮಲ್ಲಿ ರಥೋತ್ಸವಕ್ಕೆ ಇಳಿದ ಹಾಗೆ.

ಪಕ್ಕದ ಮನೆಯಲ್ಲಿ ವಯಸ್ಸಾದ ದಂಪತಿ. ಗಂಡನ ಬಾಯಲ್ಲಿ ಮಾತೆತ್ತಿದರೆ ಡಾನ್ ಕ್ಯಾನಮ್. "ಅವನಿಗಿಂತ ಮೊದಲು ಈ ಕ್ರೀಡಾಂಗಣದಲ್ಲಿ ಕಾಲು ಚಾಚಿ ಮಲಗಬಹುದಿತ್ತು, ಗೊತ್ತಾ?" ಎನ್ನುತ್ತಿದ್ದರು. ಹೆಂಡತಿ ಮಾತ್ರ ಆ ಹೆಸರು ಬಂದೊಡನೆ ಕಾಫಿ ಲೋಟ ಎತ್ತಿಕೊಂಡು ಒಳಗೆ ನಡೆಯುತ್ತಿದ್ದರು. ಐವತ್ತು ವರ್ಷ ಸಂಸಾರ ಮಾಡಿದವರ ನಡುವೆ ಒಬ್ಬ ಕ್ರೀಡಾ ನಿರ್ದೇಶಕನ ವಿಷಯದಲ್ಲಿ ಇಷ್ಟೊಂದು ಬಿಸಿ ಯಾಕೆ ಎಂದು ನನಗೆ ಕುತೂಹಲ.

ಕ್ಯಾನಮ್ ಎತ್ತರ ಜಿಗಿತದಲ್ಲಿ 1940ರ ರಾಷ್ಟ್ರೀಯ ಕಾಲೇಜು ಚಾಂಪಿಯನ್. ಆಮೇಲೆ ಅದೇ ವಿಶ್ವವಿದ್ಯಾಲಯದಲ್ಲಿ ಓಟಗಾರರ ತರಬೇತುದಾರ, ಜೊತೆಗೆ ಆಟದ ಸಾಮಾನು ಮಾರುವ ಸ್ವಂತ ವ್ಯಾಪಾರ. 1968ರಲ್ಲಿ ನಿರ್ದೇಶಕನಾದಾಗ ದೊಡ್ಡ ಎದುರಾಳಿ ಬಂದರಷ್ಟೇ ಕ್ರೀಡಾಂಗಣ ತುಂಬುತ್ತಿತ್ತು. ಮೊದಲು ಆತ ಬೋ ಶೆಂಬೆಕ್ಲರ್ ಎಂಬ ತರಬೇತುದಾರನನ್ನು ಕರೆತಂದ. 1969ರಲ್ಲಿ ಬದ್ಧವೈರಿ ಓಹಾಯೊ ತಂಡ ಸೋತಿತು. ಆದರೆ ಗೆದ್ದರೆ ಮಾತ್ರ ಜನ ಬರುವಂತಿರಬಾರದು ಎಂಬುದು ಆತನ ವ್ಯಾಪಾರೀ ಲೆಕ್ಕ. ಮನೆಮನೆಗೆ ಬಣ್ಣದ ಕರಪತ್ರ ಅಂಚೆಯಲ್ಲಿ ಹೋಯಿತು. ಕಾರಿನ ಹಿಂದೆ ಬುತ್ತಿ ಬಿಚ್ಚಿ ತಿನ್ನುವ ಸಂಭ್ರಮ, ವಾದ್ಯಮೇಳ, ಮಕ್ಕಳು ಮರಿ ಸಮೇತ ಒಂದು ದಿನದ ಪ್ರವಾಸ ಎಂದು ಆಟವನ್ನು ಆತ ಮಾರಿದ. ಶನಿವಾರ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವಳು ಮನೆಯಾಕೆ ಎಂಬುದು ಆತನಿಗೆ ಚೆನ್ನಾಗಿ ತಿಳಿದಿತ್ತು. ನಮ್ಮ ಸೀರೆ ಅಂಗಡಿಯವರಿಗೆ ತಿಳಿದಿರುವಂತೆ ಅನ್ನಿ. 1975ರ ನವೆಂಬರ್ 8ರಿಂದ ಈಚೆಗೆ ಆ ಅಂಗಳದಲ್ಲಿ ಪ್ರೇಕ್ಷಕರನ್ನು ಬಿಟ್ಟುಕೊಂಡು ನಡೆದ ಒಂದು ಫುಟ್‌ಬಾಲ್ ಪಂದ್ಯಕ್ಕೂ ಜನ ಲಕ್ಷಕ್ಕಿಂತ ಕಡಿಮೆಯಾಗಿಲ್ಲ.

ಇನ್ನೊಂದು ಉಪಾಯ ವಿಶ್ವವಿದ್ಯಾಲಯದ ಗುರುತಾದ 'ಎಂ' ಅಕ್ಷರ. ಲೋಟ, ಟೋಪಿ, ದಿಂಬು, ಕಂಬಳಿ, ಯಾವುದರ ಮೇಲೆ ಬೇಕಾದರೂ ಅಚ್ಚೊತ್ತಿ ಮಾರಿದ. ಇಂದು ಅಲ್ಲಿನ ಎಲ್ಲ ಕಾಲೇಜುಗಳೂ ಮಾಡುವ ಈ ವ್ಯಾಪಾರದಲ್ಲಿ ಆತ ಮೊದಲಿಗರ ಸಾಲಿನವನು.

ಆಕೆಯ ಸಿಟ್ಟಿನ ಬುಡ ಇಲ್ಲೇ ಇದೆ ನೋಡಿ. ಅಲ್ಲಿನ ಹೆಣ್ಣುಮಕ್ಕಳು 1973ರವರೆಗೆ ವಿಶ್ವವಿದ್ಯಾಲಯದ ಅಧಿಕೃತ ತಂಡವಾಗಿ ಆಡಿರಲೇ ಇಲ್ಲ. ವಾದ್ಯಮೇಳಕ್ಕೂ ಅವರನ್ನು ಸೇರಿಸಿಕೊಂಡದ್ದು 1972ರಲ್ಲಿ. ಹಾಕಿ ಆಡುವ ಹುಡುಗಿಯರು ಬೇರೆ ಊರಿನ ಪಂದ್ಯಕ್ಕೆ ಹೋಗುವ ಖರ್ಚಿಗಾಗಿ ಗಂಡಸರ ಫುಟ್‌ಬಾಲ್ ಪಂದ್ಯದ ದಿನ ಸೇಬು ಮಾರುತ್ತಿದ್ದರಂತೆ. ಓದಿನಲ್ಲೂ ಆಟದಲ್ಲೂ ಹೆಣ್ಣು ಗಂಡೆಂಬ ಭೇದ ಕೂಡದೆಂದು 1972ರಲ್ಲಿ ಟೈಟಲ್ ನೈನ್ ಎಂಬ ಕಾನೂನು ಬಂದಾಗ ಕ್ಯಾನಮ್ ಅದನ್ನು ಬಹಿರಂಗವಾಗಿ ವಿರೋಧಿಸಿದ. ದುಡಿಯುವುದು ಫುಟ್‌ಬಾಲ್, ಅದರ ಹಣ ಹಂಚಿದರೆ ಅದೂ ಹೋಗುತ್ತದೆ, ಇದೂ ಹೋಗುತ್ತದೆ ಎಂಬುದು ವಾದ. ತನ್ನ ಖರ್ಚನ್ನು ತಾನೇ ಸಂಪಾದಿಸಬೇಕಾದ ವಿಭಾಗದ ಯಜಮಾನನಿಗೆ ಈ ಭಯ ಸಹಜವೆಂದು ನಾನೂ ಒಪ್ಪುತ್ತೇನೆ. ಆದರೆ 'ಎಂ' ಅಕ್ಷರಕ್ಕೆ ಏನು ಖರ್ಚು? ಗಂಡಸು ಆಟಗಾರರಿಗೆ ಗೌರವವಾಗಿ ಕೊಡುವ ಆ ಅಕ್ಷರವನ್ನು ಹೆಣ್ಣುಮಕ್ಕಳಿಗೂ ಕೊಡುವ ಮಾತು ಬಂದಾಗ ನಿರ್ದೇಶಕ, ತರಬೇತುದಾರ, ಹಳೆಯ ಆಟಗಾರರು ಎಲ್ಲರೂ ಅಡ್ಡ ನಿಂತರು. ಅಕ್ಷರದ ಬೆಲೆ ಕಡಿಮೆಯಾಗುತ್ತದಂತೆ! ಕಾಫಿ ಲೋಟದ ಮೇಲೆ ಇದ್ದಾಗ ಕಡಿಮೆಯಾಗದ ಬೆಲೆ.

ನಾನು ಕಾಲೇಜಿನಲ್ಲಿ ಥ್ರೋಬಾಲ್ ಆಡಿದವಳು. ಹುಡುಗರು ಆಡಿ ಸವೆದ ಚೆಂಡು ನಮ್ಮ ಪಾಲಿಗೆ ಬರುತ್ತಿತ್ತು. ವಿಶ್ವವಿದ್ಯಾಲಯದ ಪಂದ್ಯ ಗೆದ್ದು ಬಂದಾಗ ಅವರಿಗೆ ಟ್ರ್ಯಾಕ್ ಸೂಟ್, ನಮಗೆ ಸ್ಟೀಲಿನ ಡಬ್ಬಿ. ಮೇಷ್ಟ್ರು ಕೆಟ್ಟವರಲ್ಲ, ಸಂಜೆ ತಡವಾದರೆ ಬಸ್‌ಸ್ಟ್ಯಾಂಡಿನವರೆಗೂ ಬಂದು ಹತ್ತಿಸಿ ಹೋಗುತ್ತಿದ್ದರು. ಆದ್ದರಿಂದಲೇ ಪಕ್ಕದ ಮನೆಯಾಕೆಯ ಸಿಟ್ಟೂ, ಆಕೆಯ ಗಂಡನ ಪ್ರೀತಿಯೂ ನನಗೆ ಸುಲಭವಾಗಿ ಅರ್ಥವಾದವು.

ಕ್ಯಾನಮ್ ಅಧಿಕಾರದಲ್ಲೇ ಹೆಣ್ಣುಮಕ್ಕಳಿಗೆ ಸಾಫ್ಟ್‌ಬಾಲ್, ಜಿಮ್ನಾಸ್ಟಿಕ್ಸ್, ಓಟ ಎಲ್ಲವೂ ಬಂದವು ಎಂಬುದೂ ನಿಜ. ಆತ ಹುದ್ದೆ ಬಿಟ್ಟ 1988ರಲ್ಲಿ ತೆರೆದ ಈಜುಕೊಳಕ್ಕೆ ಆತನದೇ ಹೆಸರು; ಅಲ್ಲಿ ಈಗ ಹುಡುಗಿಯರೂ ಈಜುತ್ತಾರೆ. 2005ರಲ್ಲಿ ತೀರಿಕೊಂಡಾಗ ಊರು ದೊಡ್ಡ ಮನುಷ್ಯನನ್ನೇ ಕಳುಹಿಸಿಕೊಟ್ಟಿತು.

ಆಮೇಲೆ ಬಂದದ್ದು ಇನ್ನೂ ಕಹಿ. ರಾಬರ್ಟ್ ಆಂಡರ್ಸನ್ ಎಂಬ ವೈದ್ಯ 1966ರಿಂದ 2003ರವರೆಗೆ ಆ ವಿಶ್ವವಿದ್ಯಾಲಯದಲ್ಲಿದ್ದು, ತಪಾಸಣೆಯ ನೆಪದಲ್ಲಿ ವಿದ್ಯಾರ್ಥಿಗಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದು 2020ರಲ್ಲಿ ಹೊರಬಿತ್ತು. ಬಹುಪಾಲು ಗಂಡುಹುಡುಗರು, ಅವರಲ್ಲಿ ಆಟಗಾರರೇ ಎಷ್ಟೋ ಜನ. 1975ರಲ್ಲೇ ಒಬ್ಬ ಕುಸ್ತಿಪಟು ಪತ್ರ ಬರೆದು ದೂರಿದ್ದ. ತಂಡದಿಂದ ಹೊರಬಿದ್ದವನು ಅವನೇ. ಕ್ಯಾನಮ್ ಕಿವಿಗೂ ವಿಷಯ ಮುಟ್ಟಿಸಿದ್ದೆವು ಎಂದು ಹಳೆಯ ಆಟಗಾರರಲ್ಲಿ ಕೆಲವರು ಹೇಳಿದರು. ಉತ್ತರಿಸಲು ಆತ ಬದುಕಿರಲಿಲ್ಲ. 2022ರ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ 49 ಕೋಟಿ ಡಾಲರ್ ಪರಿಹಾರ ಕೊಡಲು ವಿಶ್ವವಿದ್ಯಾಲಯ ಒಪ್ಪಿತು. ಆ ಮಾತು ತೆಗೆದ ದಿನ ಮಾತ್ರ ಪಕ್ಕದ ಮನೆಯ ಹಿರಿಯರೇ ಎದ್ದು ಒಳಗೆ ಹೋದರು. ಹುಡುಗಿಯರ ದೂರನ್ನಷ್ಟೇ ಅಲ್ಲ, ತನ್ನವರೇ ಆದ ಹುಡುಗರ ದೂರನ್ನೂ ಆ ವಿಭಾಗ ಕೇಳಿಸಿಕೊಂಡಿರಲಿಲ್ಲ.

ಹೆಣ್ಣುಮಕ್ಕಳಿಗೆ ಗಂಡಸರಂಥದೇ 'ಎಂ' ಜಾಕೆಟ್ ಸಿಗತೊಡಗಿದ್ದು 1991ರಲ್ಲಿ, ಕ್ಯಾನಮ್ ಹೋಗಿ ಮೂರು ವರ್ಷಕ್ಕೆ. ಅದಕ್ಕೂ ಮೊದಲು ಆಡಿದವರಿಗೆ 2016ರ ಬಳಿಕವಷ್ಟೇ ಕರೆದು ಕರೆದು ಕೊಟ್ಟರು. ಆ ಹೊತ್ತಿಗೆ ಅವರಲ್ಲಿ ಕೆಲವರು ಅಜ್ಜಿಯರು. ಪಕ್ಕದ ಮನೆಯಾಕೆಯ ಗೆಳತಿಗೂ ಒಂದು ಬಂದಿದೆ. ಸೆಪ್ಟೆಂಬರಿನ ಸೆಖೆಯಲ್ಲೂ ಅದನ್ನು ತೊಟ್ಟುಕೊಂಡೇ ತರಕಾರಿಗೆ ಹೋಗುತ್ತಾರೆ. ಬೆವರು ಒರೆಸಿಕೊಳ್ಳುತ್ತಾರೆ, ಬಿಚ್ಚುವುದಿಲ್ಲ.