ಕಾರ್ಡ್ ತಾರೀಖು, ಶೇರಿನ ತಾರೀಖು

ಹುಬ್ಬಳ್ಳಿಯ ಬೆಂಗೇರಿಯ ಚಹಾದಂಗಡಿಯಲ್ಲೂ ಈಗ ಅಮೆರಿಕದ ಶೇರಿನ ಮಾತು. "ಹೊಸಾ ಗ್ರಾಫಿಕ್ಸ್ ಕಾರ್ಡ್ ಯಾರು ಮೊದಲ ಬಿಡ್ತಾರ ನೋಡು, ಅವರ ಶೇರ್ ತಗೊಂಡ್ರಾತಲೇ!" ಗೇಮ್ ಆಡುವ ಹುಡುಗರ ಲೆಕ್ಕ ಅದು. ಪೇಟೆಯ ಲೆಕ್ಕ ಬೇರೆ.

ಎನ್ವಿಡಿಯಾದ ಆರ್‌ಟಿಎಕ್ಸ್ 5090 ಮಾರಾಟಕ್ಕೆ ಬಂದದ್ದು 2025ರ ಜನವರಿ 30ಕ್ಕೆ. ಅದರ ಎದುರಾಳಿ ಎಎಂಡಿಯ ಆರ್‌ಎಕ್ಸ್ 9070 ಬರುವಾಗ ಮಾರ್ಚ್ 6. ಮೊದಲು ಬಂದ ಎನ್ವಿಡಿಯಾದ ಶೇರು ಕುಣಿಯಬೇಕಿತ್ತಲ್ಲ? ಕಾರ್ಡ್ ಬರುವುದಕ್ಕೆ ಮೂರೇ ದಿನ ಮೊದಲು, ಜನವರಿ 27ರಂದು, ಶೇ 17ರಷ್ಟು ಬಿತ್ತು. ಒಂದೇ ದಿನಕ್ಕೆ 600 ಶತಕೋಟಿ ಡಾಲರಿನ ಹತ್ತಿರ ಕರಗಿತು. ಕಾರಣ ಎಎಂಡಿ ಅಲ್ಲ, ಡೀಪ್‌ಸೀಕ್ ಎಂಬ ಚೀನಾದ ಎಐ. ಆಗಷ್ಟೇ ಮುಗಿದಿದ್ದ ಹಣಕಾಸು ವರ್ಷದಲ್ಲಿ ಎನ್ವಿಡಿಯಾದ ಆದಾಯ 130.5 ಶತಕೋಟಿ ಡಾಲರ್. ಅದರಲ್ಲಿ ಗೇಮಿಂಗ್‌ನದು 11 ಚಿಲ್ಲರೆ. ಸಿಂಹಪಾಲು ಎಐ ಓಡಿಸುವ ಡೇಟಾ ಸೆಂಟರಿನದು.

ನಮ್ಮ ಬೆಂಗೇರಿಯ ಖಾದಿ ಸಂಘದ ರಾಷ್ಟ್ರಧ್ವಜಕ್ಕಾದರೆ ತಾರೀಖೇ ಜೀವ. ಆಗಸ್ಟ್ 15ರೊಳಗೆ ಗಿರಾಕಿಯ ಕೈ ಸೇರಬೇಕು. ಗ್ರಾಫಿಕ್ಸ್ ಕಾರ್ಡಿಗೆ ಅಂಥ ಹಬ್ಬವಿಲ್ಲ.

ಹಳೆಯದೊಂದು ನೆನಪಿಸ್ತೀನಿ. 2009ರ ಸೆಪ್ಟೆಂಬರಿನಲ್ಲಿ ಎಎಂಡಿ ಎಚ್‌ಡಿ 5870 ಬಿಟ್ಟಿತು. ಎನ್ವಿಡಿಯಾದ ಜಿಟಿಎಕ್ಸ್ 480 ಬರಲು ಮರುವರ್ಷದ ಮಾರ್ಚ್ ಆಯಿತು, ಅದೂ ಕಾದ ಹೆಂಚಿನಂತೆ ಬಿಸಿಯಾಗುತ್ತ. ಆರು ತಿಂಗಳ ಮುನ್ನಡೆ! ಇವತ್ತು ಯಾರು ಎಲ್ಲಿದ್ದಾರ, ನೀವೇ ನೋಡ್ರಿ.

ತಾರೀಖು ನೋಡಲೇಬೇಕೆಂದರೆ ಡೇಟಾ ಸೆಂಟರ್ ಚಿಪ್ಪಿನದು ನೋಡ್ರಿ. 2024ರ ಆಗಸ್ಟಿನಲ್ಲಿ ಬ್ಲ್ಯಾಕ್‌ವೆಲ್ ಎಂಬ ಅಂಥ ಚಿಪ್ಪಿನ ಮಾಸ್ಕ್ (ವಿನ್ಯಾಸ ಮೂಡಿಸುವ ಪಡಿಯಚ್ಚು) ಬದಲಿಸಬೇಕಾಯಿತೆಂದು ಎನ್ವಿಡಿಯಾ ಒಪ್ಪಿಕೊಂಡಾಗ ಹೂಡಿಕೆದಾರರು ಕೇಳಿದ್ದು ಒಂದೇ: ಸಾಗಣೆ ಯಾವ ತ್ರೈಮಾಸಿಕಕ್ಕೆ?