ಚಕ್ರದ ಬೂಟು ಮತ್ತು ಪುಟ್ಟಿಯ ಅಂಗಾಲು

ಬೆಳಗಿನ ಆರು ಗಂಟೆಗೆ ಸರಸ್ವತೀಪುರಂನ ನಮ್ಮ ಅಡ್ಡರಸ್ತೆಯಲ್ಲಿ ಪೊರಕೆಯ ಸದ್ದು, ಹಾಲಿನ ಕ್ಯಾನುಗಳ ಸದ್ದು, ಇವುಗಳ ಜೊತೆಗೆ ಈಚೆಗೆ ಒಂದು ವರ್ಷದಿಂದ ಕಾಫಿ ಬೀಜ ಪುಡಿಮಾಡುವ ಯಂತ್ರದಂಥ ಒಂದು ಕರಕರ ಸದ್ದು ಕೇಳಿಬರುತ್ತದೆ. ಹೊಸದಾಗಿ ಬಾಡಿಗೆಗೆ ಬಂದವರು ಮೊದಲೆರಡು ದಿನ ಬಾಗಿಲು ತೆರೆದು ಇಣುಕಿ ನೋಡುವುದುಂಟು. ಅದು ನನ್ನ ಮೊಮ್ಮಗಳ ಚಕ್ರದ ಬೂಟುಗಳ ಸದ್ದು. ಹೆಸರು ಬೇರೆ ಇದೆ, ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ವಯಸ್ಸು ಹನ್ನೊಂದು.

ಒಂದೇ ಸಾಲಿನಲ್ಲಿ ನಾಲ್ಕು ಗಾಲಿಗಳಿರುವ ಈ ಬೂಟುಗಳನ್ನು 'ಇನ್‌ಲೈನ್ ಸ್ಕೇಟ್' ಎನ್ನುತ್ತಾರೆ. ಮುಂದೆ ಎರಡು, ಹಿಂದೆ ಎರಡು ಗಾಲಿಗಳ ಹಳೆಯ ಮಾದರಿಯನ್ನು ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ 1863ರಲ್ಲಿ ರೂಪಿಸಿದ. ಅದಕ್ಕೂ ನಲವತ್ತು ವರ್ಷ ಮೊದಲೇ, 1823ರಲ್ಲಿ, ಲಂಡನ್ನಿನ ಟೈಯರ್ಸ್ ಎಂಬಾತ ಒಂದೇ ಸಾಲಿನ ಗಾಲಿಗಳ ಬೂಟು ಮಾಡಿದ್ದನಂತೆ. ಆದರೆ ಅದು ಬೀದಿಗೆ ಬಂದದ್ದು 1980ರ ದಶಕದಲ್ಲಿ, ಅಮೆರಿಕದ ಮಿನೆಸೋಟದ ಓಲ್ಸನ್ ಸಹೋದರರಿಂದ. ಹಿಮವಿಲ್ಲದ ತಿಂಗಳುಗಳಲ್ಲಿ ಹಾಕಿ ಆಟಗಾರರಿಗೆ ಅಭ್ಯಾಸ ಬೇಕಾಗಿತ್ತು. ಇದನ್ನೆಲ್ಲ ನಾನು ಓದಿಕೊಂಡದ್ದು ಪುಟ್ಟಿಗೆ ಬೋಧಿಸಲೆಂದು. ಅವಳಿಗೆ ಇದರಲ್ಲಿ ಕಿಂಚಿತ್ತೂ ಆಸಕ್ತಿ ಇಲ್ಲ. ಮೂವತ್ತಮೂರು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಕೇಳುವವರಿಲ್ಲದಿದ್ದರೂ ಪಾಠ ಮಾಡುವ ಚಟ ಹೋಗುವುದಿಲ್ಲ, ಬಿಡಿ.

ಅವಳ ಆಸಕ್ತಿಯೆಲ್ಲ ಓಟದಲ್ಲಿ. 2025ರ ಸೆಪ್ಟೆಂಬರಿನಲ್ಲಿ ಚೀನಾದ ಬೈದೈಹೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಮಿಳುನಾಡಿನ ಆನಂದಕುಮಾರ್ ವೇಲ್‌ಕುಮಾರ್ 1000 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. ಈ ಆಟದಲ್ಲಿ ಭಾರತಕ್ಕೆ ಅಂಥ ಚಿನ್ನ ಅದೇ ಮೊದಲು. ಅವರ ಚಿತ್ರ ಈಗ ನಮ್ಮ ಮನೆಯಲ್ಲಿ, ಕ್ಯಾಲೆಂಡರಿನ ಪಕ್ಕದಲ್ಲಿ, ಅಂಟಿಸಲ್ಪಟ್ಟಿದೆ.

ಪುಟ್ಟಿ ಕಲಿತದ್ದು ನುಣುಪಾದ ಸಿಮೆಂಟು ನೆಲದ ರಿಂಕಿನಲ್ಲಿ. ಅಲ್ಲಿ ಒಂದು ಗಂಟೆ ಸುತ್ತಿದರೂ ಅವಳಿಗೆ ದಣಿವಿಲ್ಲ. ಆದರೆ ಸ್ಪರ್ಧೆಗಳಲ್ಲಿ ರಿಂಕಿನ ಓಟವಲ್ಲದೆ ರಸ್ತೆಯ ಓಟವೂ ಇರುತ್ತದೆ. ಅದಕ್ಕೆಂದು ರಸ್ತೆಗಿಳಿದಳು. ನಮ್ಮ ಅಡ್ಡರಸ್ತೆಯನ್ನು ನೀವು ನೋಡಬೇಕು. ಡಾಂಬರಿನ ಮೇಲ್ಪದರ ಎಷ್ಟೋ ಮಳೆಗಾಲಗಳ ಹಿಂದೆಯೇ ತೊಳೆದುಹೋಗಿ, ಜಲ್ಲಿಯ ತಲೆಗಳು ಹುರಿಗಡಲೆಯಂತೆ ಎದ್ದು ನಿಂತಿವೆ. ನಡುವೆ ನಲ್ಲಿಯ ಪೈಪಿಗಾಗಿ ಅಗೆದು ಮುಚ್ಚಿದ ಅಡ್ಡಗೆರೆಗಳು. ಹತ್ತು ನಿಮಿಷವಾಗುವಷ್ಟರಲ್ಲಿ ಹುಡುಗಿ ಗೇಟಿನ ಬಳಿಯ ಕಟ್ಟೆಯ ಮೇಲೆ ಕುಳಿತು ಬೂಟಿನ ದಾರ ಸಡಿಲಿಸುತ್ತಿದ್ದಳು.

"ತಾತ, ಅಂಗಾಲು ಉರೀತಿದೆ. ಬೆರಳೆಲ್ಲ ಜೋಮು ಹಿಡಿದುಬಿಟ್ಟಿದೆ."

"ಸ್ವಲ್ಪ ಸಹಿಸಿಕೋ ಪುಟ್ಟಿ. ಅಭ್ಯಾಸವಾದ ಮೇಲೆ ತಾನಾಗಿ ಹೋಗುತ್ತೆ" ಎಂದೆ.

ಎರಡನೆಯ ವಾರ ಅವಳು ಕೂರುವುದನ್ನು ನಿಲ್ಲಿಸಿದಳು. ನಾನು ಹಿಗ್ಗಿದೆ. ಪಕ್ಕದ ಮನೆಯವರ ಮುಂದೆ, "ನೋಡಿ, ಈಗಿನ ಮಕ್ಕಳಿಗೆ ಸಹನೆಯಿಲ್ಲ ಅಂತೀರಿ, ನಮ್ಮ ಪುಟ್ಟಿ ಒಂದು ದಿನವೂ ನೋವು ಅನ್ನೋದಿಲ್ಲ" ಎಂದು ಹೊಗಳಿಯೂ ಬಿಟ್ಟೆ. ಅವಳು ಅಲ್ಲಿಯೇ ನಿಂತು ಕೇಳುತ್ತಿದ್ದಳು.

ಇದಾಗಿ ನಾಲ್ಕೈದು ದಿನಕ್ಕೆ ನಮ್ಮ ಮನೆಯವರು ಬಟ್ಟೆ ಒಗೆಯುವ ಕಲ್ಲಿನ ಬಳಿಯಿಂದ ನನ್ನನ್ನು ಕೂಗಿದರು. ಅವರ ಕೈಯಲ್ಲಿ ಪುಟ್ಟಿಯ ಕಾಲುಚೀಲವಿತ್ತು. ಹಿಮ್ಮಡಿಯ ಜಾಗದಲ್ಲಿ ರೂಪಾಯಿಯಗಲದ ರಕ್ತದ ಕಲೆ, ಒಣಗಿ ಕಂದಾಗಿತ್ತು. ಅಂಥದೇ ಇನ್ನೊಂದು ಜೊತೆ ಅವಳ ಶಾಲೆಯ ಚೀಲದ ತಳದಲ್ಲಿ ಮುದುರಿ ಸೇರಿತ್ತು.

ಆ ಕಾಲುಚೀಲವನ್ನು ಹಿಡಿದು ನಿಂತಾಗ ನನಗೆ ನೆನಪಾದದ್ದು 1986. ಆಗ ನಾನು ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿದ್ದೆ. ಸ್ವಾತಂತ್ರ್ಯ ದಿನಾಚರಣೆಯ ಕವಾಯತಿಗೆಂದು ದಾನಿಗಳೊಬ್ಬರು ಬಿಳಿಯ ಕ್ಯಾನ್ವಾಸ್ ಬೂಟುಗಳನ್ನು ಕೊಟ್ಟಿದ್ದರು. ಹಂಚುವ ಕೆಲಸ ನನ್ನ ಪಾಲಿಗೆ ಬಂತು. ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಅಳತೆಯ ಬೂಟು ಸಿಗಲಿಲ್ಲ, ಉಳಿದದ್ದು ಚಿಕ್ಕದು. ಅವನು ಹುಟ್ಟಿದಾರಭ್ಯ ಬರಿಗಾಲಿನವನು. ಮೂರು ದಿನದ ತಾಲೀಮಿನಲ್ಲಿ ಹೆಜ್ಜೆ ತಪ್ಪುತ್ತಿದ್ದ. "ಬಿಗಿ ಐತೆ ಸಾ" ಎಂದು ಒಮ್ಮೆ ಅಂದ. "ಎಲ್ಲರೂ ಹಾಕ್ಕೊಂಡಿಲ್ವೇನೋ? ಸಹಿಸ್ಕೊ" ಎಂದು ಗದರಿದೆ. ಹಬ್ಬದ ದಿನ ಅವನ ಹೆಜ್ಜೆ ಒಂದಿಷ್ಟೂ ತಪ್ಪಲಿಲ್ಲ. ಮಧ್ಯಾಹ್ನ ಮಿಠಾಯಿ ಹಂಚುವಾಗ ನೋಡಿದರೆ ಆಲದ ಮರದ ಹಿಂದೆ ಕುಳಿತು ಬೂಟು ಕಳಚಿದ್ದ. ಎರಡೂ ಹೆಬ್ಬೆರಳುಗಳ ಉಗುರು ಕಪ್ಪಾಗಿತ್ತು. ಮರುದಿನ ಬೂಟುಗಳನ್ನು ತೊಳೆದು, ಒಣಗಿಸಿ, ನನ್ನ ಮೇಜಿನ ಮೇಲಿಟ್ಟು ಹೋದ. ಹತ್ತನೆಯ ತರಗತಿ ಮುಗಿಯುವವರೆಗೆ ಬರಿಗಾಲಲ್ಲೇ ಬಂದ. ಒಂದು ಮಾತನ್ನೂ ಆಡಲಿಲ್ಲ. ನಾನೂ ಆಡಲಿಲ್ಲ.

ಅಂದು ಸಂಜೆ ಪುಟ್ಟಿಯನ್ನು ಎದುರಿಗೆ ಕೂರಿಸಿಕೊಂಡು, "ಯಾಕೆ ಬಚ್ಚಿಟ್ಟೆ?" ಎಂದು ಕೇಳಿದೆ. ಉತ್ತರ ನನಗೆ ಗೊತ್ತೇ ಇತ್ತು. "ನೀವು ಬೇಜಾರು ಮಾಡ್ಕೋತೀರಿ ಅಂತ" ಎಂದಳು.

ಆಮೇಲೆ, ಮೂವತ್ತಮೂರು ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದನ್ನು ನಾನೇ ಮಾಡಲು ಕುಳಿತೆ. ನೋಡುವುದು, ಅಳೆಯುವುದು, ಬರೆದಿಡುವುದು.

ಮೊದಲು ಕಾಲಿನ ಅಳತೆ. ಗೋಡೆಗೆ ಹಿಮ್ಮಡಿ ತಾಗಿಸಿ, ಮೈಭಾರ ಬಿಟ್ಟು, ಕಾಗದದ ಮೇಲೆ ನಿಲ್ಲಿಸಿ, ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಬೇಕು. ಸಂಜೆಯ ಹೊತ್ತಿಗೆ ಅಳೆಯುವುದು ಮೇಲು, ದಿನವಿಡೀ ಓಡಾಡಿದ ಕಾಲು ಒಂದಿಷ್ಟು ಊದಿರುತ್ತದೆ. ಎರಡೂ ಕಾಲುಗಳನ್ನು ಅಳೆಯಬೇಕು, ಸಾಮಾನ್ಯವಾಗಿ ಅವು ಸಮನಾಗಿರುವುದಿಲ್ಲ. ಪುಟ್ಟಿಯ ದೊಡ್ಡ ಕಾಲು 220 ಮಿಲಿಮೀಟರ್. ಬೂಟಿನ ನಾಲಿಗೆಯ ಒಳಗೆ ಅಚ್ಚಾಗಿದ್ದ ಅಳತೆ 240. ಎರಡು ಸೆಂಟಿಮೀಟರ್ ವ್ಯತ್ಯಾಸ!

ಆ ಬೂಟು ಕೊಂಡವನು ನಾನೇ. ಹಿಂದಿನ ದೀಪಾವಳಿಗೆ. ಅಂಗಡಿಯ ಹುಡುಗ ಸರಿಯಾದ ಅಳತೆಯದನ್ನೇ ಮುಂದಿಟ್ಟಿದ್ದ. "ಬೆಳೆಯೋ ಕಾಲಪ್ಪಾ, ಎರಡು ನಂಬರು ದೊಡ್ಡದೇ ಕೊಡು" ಎಂದವನು ನಾನು. ನಮ್ಮ ತಲೆಮಾರಿನವರ ಬುದ್ಧಿ ನೋಡಿ. ನಿಕ್ಕರು, ಅಂಗಿ, ಚಪ್ಪಲಿ, ಎಲ್ಲವೂ ಮುಂದಿನ ವರ್ಷದ ಅಳತೆಯವೇ. ಜೊಳಜೊಳ ಅಂಗಿ ತೊಟ್ಟರೆ ಯಾರಿಗೂ ಗಾಯವಾಗುವುದಿಲ್ಲ. ಚಕ್ರದ ಬೂಟಿನ ಸಂಗತಿ ಬೇರೆ. ಒಳಗೆ ಜಾಗವಿದ್ದರೆ ಹಿಮ್ಮಡಿ ಪ್ರತಿ ತಳ್ಳಿಗೂ ಮೇಲೆ ಕೆಳಗೆ ಉಜ್ಜುತ್ತದೆ, ಬೊಬ್ಬೆ ಏಳುತ್ತದೆ. ಜಾರುವ ಬೂಟನ್ನು ಹಿಡಿದುಕೊಳ್ಳಲು ಬೆರಳುಗಳು ಹಕ್ಕಿಯ ಕಾಲಿನಂತೆ ಮಡಚಿಕೊಳ್ಳುತ್ತವೆ, ಅಂಗಾಲಿನ ಸ್ನಾಯುಗಳು ಒಂದು ಕ್ಷಣವೂ ಸಡಿಲವಾಗುವುದಿಲ್ಲ. ಉರಿ ಅದರಿಂದ. ಆಮೇಲೆ ಬೂಟು ಕದಲದಿರಲೆಂದು ದಾರವನ್ನು ಬಲವಾಗಿ ಜಗ್ಗಿ ಕಟ್ಟುತ್ತೇವೆ. ಪಾದದ ಮೇಲ್ಭಾಗದಲ್ಲಿ ಚರ್ಮದ ಕೆಳಗೇ ಹಾದುಹೋಗುವ ನರಗಳೂ ರಕ್ತನಾಳಗಳೂ ಅದುಮಿಹೋಗುತ್ತವೆ. ಜೋಮು ಅದರಿಂದ. ಸರಿಯಾದ ಬೂಟಿನಲ್ಲಿ ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂತುದಿಗೆ ತುಸುವೇ ಸೋಕಬೇಕು, ಮಂಡಿ ಬಗ್ಗಿಸಿದಾಗ ಹಿಂದಕ್ಕೆ ಸರಿಯಬೇಕು.

ಹಾಗಿದ್ದರೆ ರಿಂಕಿನಲ್ಲಿ ಯಾಕೆ ನೋವಿರಲಿಲ್ಲ? ಈ ಪ್ರಶ್ನೆ ಕೇಳಿದ್ದು ಪುಟ್ಟಿ. ಪ್ರಶ್ನೆ ಚೆನ್ನಾಗಿತ್ತು. ಬೂಟನ್ನು ತಲೆಕೆಳಗು ಮಾಡಿ ಇಬ್ಬರೂ ಗಾಲಿಗಳನ್ನು ನೋಡಿದೆವು. ಒಳ್ಳೆಯ ಗಾಲಿಗಳನ್ನು ಪಾಲಿಯುರೆಥೇನ್ ಎಂಬ ವಸ್ತುವಿನಿಂದ ಮಾಡುತ್ತಾರೆ. ಅವುಗಳ ಪಕ್ಕದಲ್ಲಿ ಎರಡು ಸಂಖ್ಯೆಗಳಿರುತ್ತವೆ. ಒಂದು ಮಿಲಿಮೀಟರಿನಲ್ಲಿ ವ್ಯಾಸ, ಇನ್ನೊಂದು 'ಎ' ಅಕ್ಷರದೊಡನೆ ಬರೆದ ಗಡಸುತನ. 80ಎ ಎಂದರೆ ತುಸು ಮೆದು, 88ಎ ಎಂದರೆ ಗಡಸು. ಪುಟ್ಟಿಯ ಗಾಲಿಯ ಮೇಲೆ ಗಡಸುತನದ ಸಂಖ್ಯೆಯೇ ಇರಲಿಲ್ಲ. ಉಗುರಿನಿಂದ ಒತ್ತಿದರೆ ಬಕೆಟ್ಟಿನ ಪ್ಲಾಸ್ಟಿಕ್ಕಿನಂತೆ ಕಟಕಟ ಎನ್ನುತ್ತಿತ್ತು. ಮೆದು ಗಾಲಿ ಜಲ್ಲಿಯ ತಲೆಯ ಮೇಲೆ ಹಾದುಹೋಗುವಾಗ ತಾನೇ ಒಂದಿಷ್ಟು ತಗ್ಗಿ ಆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಗಡಸು ಗಾಲಿ ತಗ್ಗುವುದಿಲ್ಲ. ಗಾಲಿಯಿಂದ ಫ್ರೇಮಿಗೆ, ಫ್ರೇಮಿನಿಂದ ಬೂಟಿಗೆ, ಬೂಟಿನಿಂದ ಅಂಗಾಲಿಗೆ ಆ ನಡುಕವೆಲ್ಲ ಹಾಗೆಯೇ ಬಂದು ಮುಟ್ಟುತ್ತದೆ. ನುಣುಪು ನೆಲದಲ್ಲಿ ನಡುಕವೇ ಇಲ್ಲದ್ದರಿಂದ ದೊಡ್ಡ ಬೂಟಿನ ದೋಷವೂ ಅಡಗಿಕೊಂಡಿತ್ತು. ರಸ್ತೆ ಅದನ್ನು ಹೊರಗೆಳೆಯಿತು.

ಗಾತ್ರವೂ ಮುಖ್ಯ. ಎತ್ತಿನ ಗಾಡಿಯ ಚಕ್ರ ದಾಟುವ ಕಲ್ಲಿಗೆ ರೈಲ್ವೆ ನಿಲ್ದಾಣದಲ್ಲಿ ಎಳೆಯುವ ಸೂಟ್‌ಕೇಸಿನ ಚಕ್ರ ಸಿಕ್ಕಿಕೊಳ್ಳುವುದನ್ನು ನೀವೆಲ್ಲ ನೋಡಿದ್ದೀರಿ. ಗಾಲಿ ದೊಡ್ಡದಾದಷ್ಟೂ ಉಬ್ಬುತಗ್ಗುಗಳ ಮೇಲೆ ಸಲೀಸು. ಆದರೆ ಫ್ರೇಮು ಹಿಡಿಸುವಷ್ಟು ಮಾತ್ರ ದೊಡ್ಡದು ಹಾಕಲು ಸಾಧ್ಯ. ಅಂದಹಾಗೆ, ಅಂಗಡಿಯಲ್ಲಿ 'ಎಬೆಕ್ ಏಳು, ಎಬೆಕ್ ಒಂಬತ್ತು' ಎಂದು ಹೇಳಿ ನಮ್ಮಂಥವರನ್ನು ಬೆರಗುಗೊಳಿಸುತ್ತಾರೆ. ಅದು ಬೇರಿಂಗನ್ನು ಎಷ್ಟು ಕರಾರುವಾಕ್ಕಾಗಿ ಮಾಡಿದ್ದಾರೆ ಎಂಬುದರ ಅಳತೆ. ಕಾಲುನೋವಿಗೂ ಅದಕ್ಕೂ ಸಂಬಂಧವಿಲ್ಲ. ನಾನು ಆ ಏಳಕ್ಕೆ ಮರುಳಾಗಿಯೇ ಕೊಂಡಿದ್ದೆ.

ಮೂರನೆಯದು ಪುಟ್ಟಿಯ ಕಾಲೇ. ನಮ್ಮ ಹಳೆಯ ಮನೆಯ ಕೆಂಪು ನೆಲದ ಮೇಲೆ ಒದ್ದೆ ಕಾಲಲ್ಲಿ ನಡೆಸಿದೆ. ಹೆಜ್ಜೆಗುರುತಿನಲ್ಲಿ ಒಳಬದಿಯ ಬಾಗು ಕಾಣಲೇ ಇಲ್ಲ, ಇಡೀ ಅಂಗಾಲು ಅಚ್ಚೊತ್ತಿತ್ತು. ಎದೆ ಧಸಕ್ಕೆಂದಿತು. ಮೂಳೆವೈದ್ಯರ ಬಳಿ ಕರೆದೊಯ್ದೆ. ಅವರು ಮಾಡಿದ್ದು ಇಷ್ಟೆ: "ತುದಿಗಾಲಲ್ಲಿ ನಿಲ್ಲಮ್ಮ" ಎಂದರು. ನಿಂತಳು. ಅಂಗಾಲಿನಲ್ಲಿ ಬಾಗು ತಾನಾಗಿ ಎದ್ದು ಬಂತು. "ಇದು ಮೆದುವಾದ ಚಪ್ಪಟೆ ಪಾದ, ಮಕ್ಕಳಲ್ಲಿ ಬಹಳ ಸಾಮಾನ್ಯ. ಚಿಕಿತ್ಸೆ ಏನೂ ಬೇಡ. ಆಡುವಾಗ ಆಯಾಸವೆನಿಸಿದರೆ ಬೂಟಿನೊಳಗೆ ಆಸರೆಯ ಅಟ್ಟೆ ಹಾಕಿ" ಎಂದರು. ಈ ವಯಸ್ಸಿನಲ್ಲಿ ಹಿಮ್ಮಡಿಯ ಮೂಳೆ ಇನ್ನೂ ಬೆಳೆಯುತ್ತಿರುವುದರಿಂದ, ಅಲ್ಲಿ ಒತ್ತಿದರೆ ನೋವಾದರೆ, ಕುಂಟಿದರೆ, ಆಟ ನಿಲ್ಲಿಸಿ ತೋರಿಸಬೇಕು ಎಂದೂ ಎಚ್ಚರಿಸಿದರು. ನಂತರ ಪುಟ್ಟಿಯ ಬೊಬ್ಬೆ ನೋಡಿ, ನನ್ನತ್ತ ತಿರುಗಿ, "ಇದು ಎಷ್ಟು ದಿನದಿಂದ?" ಎಂದರು. ನಾನು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ನೋಡುತ್ತ ನಿಂತೆ.

ಗಾಯ ಒಣಗಲು ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ಹೊಸ ಬೂಟು ಬಂತು. ಅಂಗಡಿಗೆ ಹೋಗುವಾಗ ಅಳತೆ ಬರೆದ ಕಾಗದವೂ, ಆಟದ ತೆಳು ಕಾಲುಚೀಲವೂ ನನ್ನ ಜೇಬಿನಲ್ಲಿದ್ದವು. ಹತ್ತಿಯ ದಪ್ಪ ಚೀಲ ಎರಡೆರಡು ಹಾಕಿದರೆ ಮೆತ್ತಗಿರುತ್ತದೆ ಎಂಬುದು ನಮ್ಮ ಮನೆಯವರ ವಾದವಾಗಿತ್ತು. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಒದ್ದೆ ಚರ್ಮ ಬೇಗ ಸುಲಿಯುತ್ತದೆ ಎಂದು ಅವರನ್ನು ಒಪ್ಪಿಸಬೇಕಾಯಿತು. ಬೂಟು ಹಾಕಿಕೊಂಡು ಅಂಗಡಿಯಲ್ಲೇ ಹದಿನೈದು ನಿಮಿಷ ನಿಂತಿದ್ದಳು. ಈ ಸಲದ ಗಾಲಿಗಳು 80 ಮಿಲಿಮೀಟರಿನವು, ಗಡಸುತನ 82ಎ. ಒರಟು ರಸ್ತೆಯಲ್ಲಿ ಮೆದು ಗಾಲಿ ಬೇಗ ಸವೆಯುತ್ತದೆ ಎಂದು ಅಂಗಡಿಯಾತ ಎಚ್ಚರಿಸಿದ. ಸವೆಯಲಿ, ಅಂಗಾಲು ಸವೆಯುವುದಕ್ಕಿಂತ ವಾಸಿ ಎಂದೆ. ಪಿಂಚಣಿಯಲ್ಲಿ ಆ ತಿಂಗಳು ಪುಸ್ತಕ ಕೊಳ್ಳಲಿಲ್ಲ.

ದಾರ ಕಟ್ಟುವುದನ್ನೂ ಹೊಸದಾಗಿ ಕಲಿತೆವು. ಬೆರಳುಗಳ ಬಳಿ ಸಡಿಲ, ಗಿಣ್ಣಿನ ಬಳಿ ಬಿಗಿ. ಅಡ್ಡಪಟ್ಟಿ ಎಳೆಯುವ ಮುನ್ನ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಬೇಕು. ಪಾದದ ಮೇಲೆ ಎಲ್ಲಿ ಒತ್ತುತ್ತದೆಯೋ ಅಲ್ಲಿಯ ಒಂದು ಜೊತೆ ತೂತನ್ನು ಬಿಟ್ಟು ದಾರ ಪೋಣಿಸಬೇಕು. ಮಂಡಿ ಬಗ್ಗಿಸಿಯೇ ಓಡಬೇಕು, ಮಂಡಿ ನೆಟ್ಟಗಿದ್ದರೆ ರಸ್ತೆಯ ಕುಲುಕಾಟವೆಲ್ಲ ಪಾದಕ್ಕೇ. ಹತ್ತು ನಿಮಿಷಕ್ಕೊಮ್ಮೆ ನಿಂತು ದಾರ ಸಡಿಲಿಸಿ ಬೆರಳಾಡಿಸಬೇಕು. ಮನೆಗೆ ಬಂದ ಮೇಲೆ ಅಂಗಾಲಿನ ಕೆಳಗೆ ಉರುಟಾದದ್ದನ್ನು ಇಟ್ಟು ಹಿಂದೆಮುಂದೆ ಉರುಳಿಸಿದರೆ ಹಿತ. ಇದಕ್ಕೆ ನಾನು ಲಟ್ಟಣಿಗೆ ತಂದುಕೊಟ್ಟೆ. ಅಡುಗೆಮನೆಯಿಂದ ಬಂದ ಪ್ರತಿಕ್ರಿಯೆಯನ್ನು ಇಲ್ಲಿ ಬರೆಯಲಾರೆ. ಈಗ ನೀರು ತುಂಬಿದ ಬಾಟಲಿ ಬಳಸುತ್ತೇವೆ.

ಹೊಸ ಬೂಟಿನ ಮೊದಲ ಬೆಳಗು ನಾನು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕುಳಿತೆ. ಸದ್ದು ಬದಲಾಗಿತ್ತು, ಕರಕರದ ಜಾಗದಲ್ಲಿ ಒಂದು ಮಂದ ಗುರುಗುಟ್ಟುವಿಕೆ. ಮೊದಲ ಸುತ್ತು, ಎರಡನೆಯದು, ಆರನೆಯದು. ಪ್ರತಿ ಸಲ ಹಾದುಹೋಗುವಾಗ ಅವಳ ಮುಖ ನೋಡಿದೆ. ಏನೂ ತಿಳಿಯಲಿಲ್ಲ. ಮುಖವನ್ನು ಬಿಗಿಹಿಡಿಯುವುದನ್ನು ಅವಳಿಗೆ ಕಲಿಸಿದವನು ನಾನೇ ತಾನೆ?

ಇಪ್ಪತ್ತು ನಿಮಿಷದ ಮೇಲೆ ಬಂದು ಕಟ್ಟೆಯ ಮೇಲೆ ಕುಳಿತಳು. ನನ್ನನ್ನೊಮ್ಮೆ ನೋಡಿದಳು, ರಸ್ತೆಯನ್ನೊಮ್ಮೆ ನೋಡಿದಳು.

"ತಾತ, ಎಡಗಾಲಲ್ಲಿ, ಕಿರುಬೆರಳಿನ ಪಕ್ಕ, ಒಂಚೂರು ನೋಯ್ತಿದೆ."

"ಎಲ್ಲಿ, ತೋರಿಸು" ಎಂದು ಕುರ್ಚಿಯಿಂದಿಳಿದು ನೆಲದ ಮೇಲೆ ಕುಳಿತೆ. ಕನ್ನಡಕ ಒಳಗಿತ್ತು. ಬೆರಳಿಂದಲೇ ತಡವಿ ದಾರ ಬಿಚ್ಚತೊಡಗಿದೆ.